ಹಳ್ಳಿ ಮನೆ ಖರೀದಿ: ಪತ್ರ ನೋಡಿದರೆ ಸಾಕೆ, ಗೋಡೆ ನೋಡುವುದು ಬೇಡವೆ?

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಂತಹ ನಗರಗಳಲ್ಲಿ ನೆಲೆಸಿದವರು ಹಳ್ಳಿಯಲ್ಲೊಂದು ಹಳೆಯ ಮನೆ ಕೊಳ್ಳುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ನಿವೃತ್ತಿಯ ನಂತರದ ನೆಮ್ಮದಿ, ಹೋಂಸ್ಟೇ ನಡೆಸುವ ಆಸೆ, ಮನೆಯಿಂದಲೇ ಕಚೇರಿ ಕೆಲಸ ಮಾಡುವ ಅವಕಾಶ, ಬಿಟ್ಟುಬಂದ ಊರಿನ ನೆನಪು - ಕಾರಣಗಳು ಹಲವು. 2020ರಲ್ಲಿ ರಾಜ್ಯದ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ರದ್ದಾದವು. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳಲು ಇದ್ದ ಅಡೆತಡೆ ಅದರೊಂದಿಗೆ ನಿವಾರಣೆಯಾಯಿತು. ಮನೆಯ ಜತೆಗೆ ಸುತ್ತಲಿನ ತೋಟವನ್ನೂ ಕೊಳ್ಳಬಯಸುವ ಪಟ್ಟಣಿಗರಿಗೆ ದಾರಿ ಸುಗಮವಾಯಿತು.

ಇಂತಹ ಖರೀದಿಯಲ್ಲಿ ಕೊಳ್ಳುವವರು ತೋರುವ ಎಚ್ಚರಿಕೆ ಕಡಿಮೆಯದೇನಲ್ಲ. ಋಣಭಾರ ಪತ್ರ ತೆಗೆಸುತ್ತಾರೆ, ಪಹಣಿ ನೋಡುತ್ತಾರೆ, ಇ-ಸ್ವತ್ತಿನ ನಮೂನೆ 9 ಮತ್ತು 11 ಇವೆಯೇ ಎಂದು ವಿಚಾರಿಸುತ್ತಾರೆ, ವಕೀಲರ ಅಭಿಪ್ರಾಯ ಪಡೆಯುತ್ತಾರೆ. ವಾಸ್ತು ಬಲ್ಲವರನ್ನು ಕರೆದೊಯ್ದು ಬಾಗಿಲು ಯಾವ ದಿಕ್ಕಿಗಿದೆ, ಬಾವಿ ಯಾವ ಮೂಲೆಯಲ್ಲಿದೆ ಎಂದು ಪರೀಕ್ಷಿಸುವವರೂ ಉಂಟು. ಆದರೆ ತೊಲೆಯೊಳಗೆ ಗೆದ್ದಲು ಸೇರಿದೆಯೇ, ಗೋಡೆ ಹೊರಕ್ಕೆ ಉಬ್ಬಿದೆಯೇ, ಮನೆಯ ಹಿಂದಿನ ಧರೆ ಮುಂದಿನ ಮಳೆಗಾಲವನ್ನು ತಡೆದೀತೇ ಎಂದು ಬಲ್ಲವರಿಂದ ಪರೀಕ್ಷೆ ಮಾಡಿಸಿ, ಬರಹದಲ್ಲಿ ವರದಿ ಪಡೆಯುವವರು ವಿರಳ. ಪತ್ರದ ದೋಷದಿಂದ ಹಣ ಹೋಗಬಹುದು. ಗೋಡೆಯ ದೋಷದಿಂದ ಜೀವವೇ ಹೋಗಬಹುದು. ಹೀಗಿದ್ದೂ ಮೊದಲನೆಯದಕ್ಕೆ ಇರುವ ವ್ಯವಸ್ಥೆ ಎರಡನೆಯದಕ್ಕೆ ಇಲ್ಲದಿರುವುದು ವಿಪರ್ಯಾಸ.

ಕಾನೂನು ಯಾರ ಕಡೆಗಿದೆ?

ದೋಷವಿರುವ ಮನೆ ಮಾರಿದವರನ್ನು ಕಾನೂನು ಬಿಡುವುದಿಲ್ಲ ಎಂಬ ನಂಬಿಕೆ ಸಾಮಾನ್ಯವಾಗಿದೆ. ಅದು ಅರ್ಧ ಸತ್ಯ ಮಾತ್ರ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ಮಾರುವವರ ಮೇಲೆ ಒಂದು ಹೊಣೆಯನ್ನು ಹೊರಿಸಿದೆ. ಆಸ್ತಿಯಲ್ಲಿರುವ ಗಂಭೀರ ದೋಷ ತನಗೆ ತಿಳಿದಿದ್ದು, ಕೊಳ್ಳುವವನಿಗೆ ತಿಳಿದಿಲ್ಲದಿದ್ದರೆ ಅದನ್ನು ಆತ ಹೇಳಲೇಬೇಕು. ಹೇಳದೆ ಮುಚ್ಚಿಟ್ಟರೆ ಅದು ವಂಚನೆಯೆಂದು ಅದೇ ಕಲಮು ಹೇಳುತ್ತದೆ. ಆದರೆ ಇದಕ್ಕೊಂದು ಷರತ್ತಿದೆ. ಕೊಳ್ಳುವವನು ಸಾಮಾನ್ಯ ಎಚ್ಚರಿಕೆ ವಹಿಸಿದ್ದರೂ ಕಂಡುಹಿಡಿಯಲಾಗದಂತಹ ದೋಷಕ್ಕೆ ಮಾತ್ರ ಈ ನಿಯಮ ಅನ್ವಯಿಸುತ್ತದೆ. ಕಣ್ಣಿಗೆ ಕಾಣುವ ಬಿರುಕು, ಮುಟ್ಟಿದರೆ ತಿಳಿಯುವ ತೇವ, ತಲೆ ಎತ್ತಿದರೆ ಕಾಣುವ ಬಾಗಿದ ತೊಲೆ - ಇವನ್ನು ನೋಡದೆ ಕೊಂಡವನ ನೆರವಿಗೆ ಈ ಕಲಮು ಬರುವುದು ಕಷ್ಟ.

ಅಪಾರ್ಟ್‌ಮೆಂಟ್ ಕೊಳ್ಳುವವರ ಸ್ಥಿತಿ ಇದಕ್ಕಿಂತ ಉತ್ತಮ. 2016ರ ರೇರಾ ಕಾಯ್ದೆಯ ಪ್ರಕಾರ, ಫ್ಲಾಟು ಸ್ವಾಧೀನಕ್ಕೆ ಬಂದ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡು ಅದನ್ನು ಗಮನಕ್ಕೆ ತಂದರೆ ನಿರ್ಮಾಣ ಸಂಸ್ಥೆ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಹಳ್ಳಿಯಲ್ಲಿ ಒಬ್ಬ ವ್ಯಕ್ತಿಯಿಂದ ಇನ್ನೊಬ್ಬ ವ್ಯಕ್ತಿ ಹಳೆಯ ಮನೆ ಕೊಂಡಾಗ ಅಂತಹ ರಕ್ಷಣೆಯಿಲ್ಲ. ಸರ್ಕಾರಕ್ಕೆ ಮುದ್ರಾಂಕ ಶುಲ್ಕ ಸಲ್ಲುತ್ತದೆ. ನೋಂದಣಿ ಶುಲ್ಕವಂತೂ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿತು. ಆದರೆ ಉಪನೋಂದಣಾಧಿಕಾರಿ ಕಚೇರಿ ನೋಂದಾಯಿಸುವುದು ಪತ್ರವನ್ನೇ ಹೊರತು ಮನೆಯ ಸ್ಥಿತಿಗತಿಯನ್ನಲ್ಲ. ಸಾಲ ಕೊಡುವ ಬ್ಯಾಂಕು ಮೌಲ್ಯಮಾಪಕರನ್ನು ಕಳುಹಿಸುವುದುಂಟು. ಅವರು ನೋಡುವುದು ಸಾಲಕ್ಕೆ ಆ ಆಸ್ತಿ ತಕ್ಕ ಭದ್ರತೆಯೇ ಎಂಬುದನ್ನು. ಆ ಮನೆಯಲ್ಲಿ ನೀವು ನಿಶ್ಚಿಂತೆಯಿಂದ ಮಲಗಬಹುದೇ ಎಂಬುದು ಅವರ ಪ್ರಶ್ನೆಯಲ್ಲ.

2020ರ ಏಪ್ರಿಲ್‌ನಲ್ಲಿ ಆರಂಭವಾದ ಕೇಂದ್ರದ ಸ್ವಾಮಿತ್ವ ಯೋಜನೆಯಡಿ ಗ್ರಾಮಗಳ ಜನವಸತಿ ಪ್ರದೇಶವನ್ನು ಡ್ರೋನ್ ಬಳಸಿ ಅಳೆದು ಆಸ್ತಿ ಕಾರ್ಡ್ ನೀಡುವ ಕೆಲಸ ಕೈಗೊಳ್ಳಲಾಯಿತು. ಪ್ರಾಯೋಗಿಕ ಹಂತದಲ್ಲೇ ಕರ್ನಾಟಕವೂ ಅದರಲ್ಲಿತ್ತು. ಗಡಿ ತಂಟೆಗಳಿಗೆ ಇದು ಪರಿಹಾರವಾಗಬಲ್ಲದು. ಆದರೆ ಆಕಾಶದಿಂದ ಮನೆಯ ಗಡಿ ಕಂಡೀತು, ಗೆದ್ದಲು ಕಾಣದು.

ಪ್ರದೇಶಕ್ಕೊಂದು ಮನೆ, ಮನೆಗೊಂದು ದೋಷ

ಕರ್ನಾಟಕದ ಹಳ್ಳಿ ಮನೆಗಳೆಲ್ಲ ಒಂದೇ ಬಗೆಯವಲ್ಲ. ಆದ್ದರಿಂದ ಪರೀಕ್ಷೆಯೂ ಒಂದೇ ಬಗೆಯದಾಗಿರಲು ಸಾಧ್ಯವಿಲ್ಲ.

ಮಲೆನಾಡು ಮತ್ತು ಕರಾವಳಿಯ ಹೆಂಚಿನ ಮನೆಗಳಲ್ಲಿ ಮೊದಲು ನೋಡಬೇಕಾದುದು ಮಾಡು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಈ ಭಾಗದಲ್ಲಿ ಮಂಗಳೂರು ಹೆಂಚು ಮನೆಮಾತಾಯಿತು. ಹೆಂಚು ಬಹುಕಾಲ ಬಾಳುತ್ತದೆ, ಆದರೆ ಅದನ್ನು ಹೊತ್ತ ಪಕಾಸು ಮತ್ತು ರೀಪುಗಳ ಆಯುಷ್ಯ ಮನೆಯವರ ಆರೈಕೆಯನ್ನು ಅವಲಂಬಿಸಿದೆ. ಒಂದು ಹೆಂಚು ಜಾರಿದರೆ ನೀರು ಪಕಾಸಿನ ತುದಿಗೆ, ಅಲ್ಲಿಂದ ಗೋಡೆಯ ತಲೆಗೆ ಇಳಿಯುತ್ತದೆ. ಮರ ಕೊಳೆಯುವುದು ಸಾಮಾನ್ಯವಾಗಿ ಅಲ್ಲಿಂದಲೇ. ಮನೆಯಲ್ಲಿ ಜನರಿದ್ದಾಗ ಒಲೆಯ ಬಿಸಿ ಮತ್ತು ಹೊಗೆ ಅಟ್ಟದ ಮರವನ್ನು ಒಣಗಿಸಿಡುತ್ತಿದ್ದವು. ನಾಲ್ಕೈದು ವರ್ಷ ಬೀಗ ಹಾಕಿದ ಮನೆಯಲ್ಲಿ ಅದೂ ಇಲ್ಲ. ದೂರ ನಿಂತು ಮಾಡಿನ ನೆತ್ತಿಯ ಗೆರೆ ನೇರವಾಗಿದೆಯೇ ಎಂದು ನೋಡಬೇಕು. ಅಟ್ಟ ಹತ್ತಿ, ಚೂಪಾದ ಉಳಿಯಿಂದ ಮರವನ್ನು ಚುಚ್ಚಿ ನೋಡಬೇಕು. ಹೊಸದಾಗಿ ಬಣ್ಣ ಬಳಿದ ತೊಲೆಯಿದ್ದರೆ ಇನ್ನಷ್ಟು ಗಮನವಿಟ್ಟು ನೋಡಬೇಕು.

ಇದೇ ಭಾಗದಲ್ಲಿ ಮನೆಗಿಂತ ಮನೆ ನಿಂತ ನೆಲ ಹೆಚ್ಚು ಮುಖ್ಯ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ನಾಡೇ ಬೆಚ್ಚಿಬಿದ್ದಿತು. ಗುಡ್ಡವನ್ನು ಕಡಿದು ಸಮತಟ್ಟು ಮಾಡಿದ ಜಾಗದಲ್ಲಿ ಮನೆಯಿದ್ದರೆ ಹಿಂದಿನ ಧರೆಯಲ್ಲಿ ಬಿರುಕುಗಳಿವೆಯೇ, ಮರಗಳು ಓರೆಯಾಗಿವೆಯೇ, ಹಿಂದೆ ಇರದಿದ್ದ ಒರತೆ ಕಾಣಿಸಿಕೊಂಡಿದೆಯೇ ಎಂದು ಪರಿಶೀಲಿಸುವುದು ಅಗತ್ಯ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಭೂಕುಸಿತ ಸಾಧ್ಯತೆಯ ನಕ್ಷೆಗಳನ್ನು ಸಿದ್ಧಪಡಿಸಿದೆ. ಖರೀದಿಗೆ ಮುನ್ನ ಅವನ್ನು ನೋಡುವುದು ಒಳಿತು.

ಹಳೇ ಮೈಸೂರು ಭಾಗದ ತೊಟ್ಟಿ ಮನೆಗಳ ಶತ್ರು ತೇವ. ಮಣ್ಣಿನ ಗೋಡೆ ತೇವವನ್ನು ಹೀರಿ ಹೊರಬಿಡುವ ಗುಣವುಳ್ಳದ್ದು. ಅದರ ಮೇಲೆ ಸಿಮೆಂಟ್ ಗಾರೆ ಬಳಿದರೆ ತೇವ ಒಳಗೇ ಉಳಿದು ಗೋಡೆಯ ಬುಡ ಮೆದುವಾಗುತ್ತದೆ. ಹೊರಗಿನಿಂದ ಮಾತ್ರ ಮನೆ ಹೊಸದರಂತೆ ಹೊಳೆಯುತ್ತಿರುತ್ತದೆ. ತೊಟ್ಟಿಗೆ ಬಿದ್ದ ಮಳೆ ನೀರು ಹೊರಹೋಗುವ ಮೋರಿ ಕಟ್ಟಿಕೊಂಡಿದ್ದರೆ ಸುತ್ತಲಿನ ಗೋಡೆಗಳೆಲ್ಲ ನೆನೆಯುತ್ತವೆ. ಹತ್ತಾರು ಕೊಡ ನೀರು ಸುರಿದು, ಅದು ಎಷ್ಟು ಹೊತ್ತಿನಲ್ಲಿ, ಎಲ್ಲಿಗೆ ಹೋಗುತ್ತದೆ ಎಂದು ನೋಡಿದರೆ ಸಾಕು, ವಿಷಯ ತಿಳಿಯುತ್ತದೆ.

ಉತ್ತರ ಕರ್ನಾಟಕದ ಮಾಳಿಗೆ ಮನೆಗಳ ಪಾಠವನ್ನು 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಕಲಿಸಿದೆ. ನಮ್ಮ ಗಡಿಗೆ ಹೊಂದಿಕೊಂಡ ಲಾತೂರು ಭಾಗದಲ್ಲಿ ಅಂದು ಸಾವಿರಾರು ಜನ ಸಾಯಲು ಮುಖ್ಯ ಕಾರಣವಾದುದು ಅವರ ಮನೆಗಳೇ. ಮಣ್ಣಿನಲ್ಲಿ ಕಟ್ಟಿದ ಕಾಡುಗಲ್ಲಿನ ದಪ್ಪ ಗೋಡೆಗಳು, ಮೇಲೆ ಮರ ಮತ್ತು ಮಣ್ಣಿನ ಭಾರವಾದ ಮಾಳಿಗೆ. ಗೋಡೆಯ ಎರಡೂ ಮುಖಗಳನ್ನು ಬಿಗಿದು ಹಿಡಿಯುವ ಅಡ್ಡಗಲ್ಲುಗಳಿಲ್ಲದಿದ್ದರೆ ಒಳಮುಖ ಮತ್ತು ಹೊರಮುಖ ಬೇರೆಬೇರೆಯಾಗಿ ಗೋಡೆ ಉಬ್ಬುತ್ತದೆ. ಸೋರದಿರಲೆಂದು ವರ್ಷವರ್ಷವೂ ಮಾಳಿಗೆಗೆ ಮಣ್ಣು ಹಾಕಿದಷ್ಟೂ ಭಾರ ಏರುತ್ತದೆ. 2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತಮುತ್ತ ನೆಲ ಪದೇ ಪದೇ ಕಂಪಿಸಿದಾಗ ಜನ ಮನೆಯೊಳಗೆ ಮಲಗಲು ಹೆದರಿದ್ದು ಸಹಜವೇ ಆಗಿತ್ತು. ಇಲ್ಲಿ ಮನೆ ಕೊಳ್ಳುವವರು ಗೋಡೆಗೆ ತೂಗುಗುಂಡು ಬಿಟ್ಟು ನೋಡದೆ ಮುಂಗಡ ಕೊಡುವುದು ಸರಿಯಲ್ಲ.

ಎಲ್ಲ ಭಾಗಗಳಿಗೂ ಸಮಾನವಾದ ಕೆಲವು ಅಂಶಗಳಿವೆ. ಹಳೆಯ ಗೋಡೆಯ ಮೇಲೆ ನಂತರ ಹಾಕಿದ ಕಾಂಕ್ರೀಟ್ ಛಾವಣಿಯ ಭಾರವನ್ನು ಆ ಗೋಡೆ ತಾಳುತ್ತದೆಯೇ? ಛಾವಣಿಯ ಕೆಳಭಾಗದಲ್ಲಿ ತುಕ್ಕಿನ ಕಲೆಗಳಿವೆಯೇ? ವಿದ್ಯುತ್ ತಂತಿ ಎಷ್ಟು ಹಳೆಯದು, ಅರ್ಥಿಂಗ್ ಇದೆಯೇ? ಶೌಚಾಲಯದ ಗುಂಡಿ ಬಾವಿಗೆ ಎಷ್ಟು ಹತ್ತಿರ? ಕೊಳವೆ ಬಾವಿಯಿದ್ದರೆ ನೀರಿನ ಪರೀಕ್ಷೆ ಆಗಿದೆಯೇ? ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಿದ್ದರೆ ಗರಿಷ್ಠ 1.5 ಮಿಲಿಗ್ರಾಂ. ಪಕ್ಕದ ಮನೆಯೊಂದಿಗೆ ಗೋಡೆ ಜಂಟಿಯೇ, ಸೂರಿನ ನೀರು ಯಾರ ಜಾಗಕ್ಕೆ ಬೀಳುತ್ತದೆ ಎಂಬುದನ್ನೂ ಚಕ್ಕುಬಂದಿಯೊಂದಿಗೆ ಹೋಲಿಸಿ ನೋಡಬೇಕು.

ಪರೀಕ್ಷೆ ಯಾರಿಂದ, ಹೇಗೆ?

ಬ್ರಿಟನ್ನಿನಲ್ಲಿ ಮನೆ ಕೊಳ್ಳುವವರು ಸರ್ವೇಯರ್ ಒಬ್ಬರಿಂದ ಕಟ್ಟಡದ ಸ್ಥಿತಿಯ ವರದಿ ಪಡೆಯುವ ಪದ್ಧತಿ ಬೇರೂರಿದೆ. ಸ್ಕಾಟ್‌ಲೆಂಡ್ ಒಂದು ಹೆಜ್ಜೆ ಮುಂದೆ ಹೋಗಿ 2008ರ ಡಿಸೆಂಬರ್‌ನಿಂದ ಆ ವರದಿಯನ್ನು ಮಾರುವವರೇ ಒದಗಿಸಬೇಕೆಂದು ನಿಯಮ ಮಾಡಿತು. ನಮ್ಮಲ್ಲಿ ಅಂತಹ ವೃತ್ತಿ ಹಳ್ಳಿಗಳ ಮಟ್ಟಿಗೆ ಬೆಳೆದಿಲ್ಲ. ಆದರೆ ಅದಕ್ಕೆ ಬೇಕಾದ ಜ್ಞಾನ ಇಲ್ಲದಿಲ್ಲ. ಹಳೆಯ ಕಟ್ಟಡಗಳಲ್ಲಿ ಅನುಭವವಿರುವ ಒಬ್ಬ ಸಿವಿಲ್ ಎಂಜಿನಿಯರ್, ಆ ಭಾಗದ ಒಬ್ಬ ಹಿರಿಯ ಬಡಗಿ, ಒಬ್ಬ ಗಾರೆ ಕೆಲಸದವರು, ಒಬ್ಬ ಎಲೆಕ್ಟ್ರಿಷಿಯನ್ - ಇವರು ಒಂದು ದಿನ ಮನೆಯಲ್ಲಿ ಓಡಾಡಿದರೆ ಬಹುಪಾಲು ಸತ್ಯ ಹೊರಬರುತ್ತದೆ. ಕಾಂಕ್ರೀಟ್ ಮನೆಗಳನ್ನಷ್ಟೇ ಬಲ್ಲ ಎಂಜಿನಿಯರ್, ಮಣ್ಣಿನ ಗೋಡೆ ಕಂಡೊಡನೆ 'ಕೆಡವಿ ಕಟ್ಟಿ' ಎಂದುಬಿಡುವ ಅಪಾಯವಿದೆ. ಬಡಗಿಯ ಮಾತಿಗೆ ಬೆಲೆ ಕೊಡಬೇಕಾದುದು ಅದಕ್ಕೇ. ಇವರಲ್ಲಿ ಯಾರೂ ಮಾರುವವರು ಅಥವಾ ದಲ್ಲಾಳಿ ಕರೆತಂದವರಾಗಿರಬಾರದು.

ವರದಿ ಬಾಯಿಮಾತಿನದಾಗದೆ ಚಿತ್ರಸಹಿತ ಬರಹದಲ್ಲಿರಬೇಕು. ದೋಷಗಳನ್ನು ಮೂರು ಬಗೆಯಾಗಿ ವಿಂಗಡಿಸಿದರೆ ಅನುಕೂಲ: ಕೂಡಲೇ ಸರಿಪಡಿಸದಿದ್ದರೆ ಅಪಾಯ, ಒಂದೆರಡು ವರ್ಷದಲ್ಲಿ ಸರಿಪಡಿಸಬೇಕಾದದ್ದು, ಗಮನಿಸುತ್ತಿದ್ದರೆ ಸಾಕಾದದ್ದು. ಪ್ರತಿಯೊಂದಕ್ಕೂ ಅಂದಾಜು ವೆಚ್ಚವಿರಲಿ. ಕ್ರಯದ ಕರಾರಿನಲ್ಲಿ ಪರೀಕ್ಷೆಗೆ ಕಾಲಾವಕಾಶ ಕೇಳಿ, ಗಂಭೀರ ದೋಷ ಕಂಡುಬಂದರೆ ಮುಂಗಡ ವಾಪಸು ಎಂದು ಬರೆಸುವುದು ವಿವೇಕ. 2019ರ ನೆರೆಯ ನಂತರ ಸರ್ಕಾರ ಹಾನಿಗೊಂಡ ಮನೆಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸಿ ಪರಿಹಾರ ನೀಡಿತು. ಕೊಳ್ಳಲಿರುವ ಮನೆ ಯಾವ ವರ್ಷದಲ್ಲಾದರೂ ಇಂತಹ ಹಾನಿಯ ಪಟ್ಟಿಯಲ್ಲಿತ್ತೇ ಎಂದು ವಿಚಾರಿಸಿದರೆ ಅದರ ಪೂರ್ವೋತ್ತರ ತಿಳಿಯುತ್ತದೆ.

ಇದರಿಂದ ಹಳ್ಳಿಯ ಮಾರಾಟಗಾರರಿಗೆ ಅನ್ಯಾಯವಾಗದೇ ಎಂಬ ಪ್ರಶ್ನೆ ಏಳುತ್ತದೆ. ಪಟ್ಟಣದವರು ವರದಿಯನ್ನು ಹಿಡಿದು ಬೆಲೆ ಇಳಿಸಲು ನೋಡುವುದು ಸಾಧ್ಯ. ಆದರೆ ಇನ್ನೊಂದು ಮಗ್ಗುಲೂ ಇದೆ. ದೋಷವನ್ನು ಮೊದಲೇ ಹೇಳಿ, ವರದಿಗೆ ಇಬ್ಬರೂ ಸಹಿ ಹಾಕಿದ್ದರೆ ನಾಳೆ ಮಾರಿದವರ ಮೇಲೆ ವಂಚನೆಯ ಆರೋಪ ಬರಲಾರದು. ಊರಿನಲ್ಲೇ ಬಾಳಬೇಕಾದ ವೃದ್ಧ ದಂಪತಿಗೆ ಇದು ಸಣ್ಣ ರಕ್ಷಣೆಯಲ್ಲ. ಹಳೆಯ ಮನೆಗಳಿಗೂ ಇದರಿಂದ ಒಳಿತಿದೆ. ದೋಷ ಎಷ್ಟೆಂದು ತಿಳಿಯದವರು ಗಾಬರಿಗೊಂಡು ಮನೆಯನ್ನೇ ಕೆಡವಿ ಕಂಬ, ಬಾಗಿಲುಗಳನ್ನು ಮಾರಿಬಿಡುತ್ತಾರೆ. ತಿಳಿದವರು ಹತ್ತು ಪಕಾಸು ಬದಲಿಸಿ ಮನೆಯನ್ನು ಉಳಿಸಿಕೊಳ್ಳುತ್ತಾರೆ.

ಸರ್ಕಾರ ಮಾಡಬಹುದಾದದ್ದು

ಪರೀಕ್ಷಾ ವರದಿಯನ್ನು ಕಡ್ಡಾಯ ಮಾಡುವುದು ಇಂದಿನ ಸ್ಥಿತಿಯಲ್ಲಿ ಸೂಕ್ತವಲ್ಲ. ಅದು ನೋಂದಣಿಗೆ ಸೇರುವ ಇನ್ನೊಂದು ಕಾಗದವಾಗಿ, ಇನ್ನೊಬ್ಬ ಮಧ್ಯವರ್ತಿಯ ಜೇಬು ತುಂಬಿಸುವ ಸಂಭವವೇ ಹೆಚ್ಚು. ಅದಕ್ಕೆ ಬದಲು, ತನಗೆ ತಿಳಿದ ದೋಷಗಳನ್ನು ಮಾರುವವರು ಒಂದು ಪುಟದಲ್ಲಿ ಘೋಷಿಸುವ ನಮೂನೆಯನ್ನು ಕ್ರಯಪತ್ರಕ್ಕೆ ಲಗತ್ತಿಸಬಹುದು. 55ನೇ ಕಲಮು ಕೇಳುವುದೂ ಇದನ್ನೇ. ಸರ್ಕಾರಿ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳು ನಿಗದಿತ ಶುಲ್ಕಕ್ಕೆ ಹಳೆಯ ಮನೆಗಳ ಪರೀಕ್ಷೆ ನಡೆಸಿಕೊಡುವಂತಾದರೆ ಕೊಳ್ಳುವವರಿಗೆ ನಂಬಿಕಸ್ಥ ವರದಿ, ವಿದ್ಯಾರ್ಥಿಗಳಿಗೆ ಅನುಭವ ಎರಡೂ ದೊರೆಯುತ್ತವೆ. ಮಳೆ ಹಾನಿಯ ಪಟ್ಟಿಗಳನ್ನು ಗ್ರಾಮ ಪಂಚಾಯಿತಿಗಳಲ್ಲಿ ಸುಲಭವಾಗಿ ನೋಡಲು ಸಿಗುವಂತೆ ಮಾಡುವುದಕ್ಕೆ ಹೊಸ ಕಾನೂನೇನೂ ಬೇಕಿಲ್ಲ.

ಅಲ್ಲಿಯವರೆಗೆ ಎಚ್ಚರ ಕೊಳ್ಳುವವರದೇ. ಆಷಾಢದಲ್ಲಿ ಮನೆ, ಜಮೀನು ಕೊಳ್ಳಬಾರದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕೊಳ್ಳುವುದು ಬೇಡ, ಆದರೆ ನೋಡಲು ಅದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ. ಸೋರುವ ಮಾಡು, ತೇವದ ಗೋಡೆ, ಕುಸಿಯುವ ಧರೆ, ಕಟ್ಟಿಕೊಂಡ ಮೋರಿ ಎಲ್ಲವೂ ಆ ಮಳೆಯಲ್ಲಿ ತಾವಾಗಿಯೇ ಕಾಣಿಸಿಕೊಳ್ಳುತ್ತವೆ. ಚೈತ್ರದ ಬಿಸಿಲಿನಲ್ಲಿ ಮನೆಯನ್ನು ಮೆಚ್ಚಿದವರು ಆಷಾಢದ ಮಳೆಯಲ್ಲಿ ಮತ್ತೊಮ್ಮೆ ಹೋಗಿ ನೋಡಿ, ಶ್ರಾವಣದಲ್ಲಿ ಮುಂಗಡ ಕೊಡಲಿ. ಅಷ್ಟು ಕಾಯಲು ಬಿಡದೆ ಆತುರಪಡಿಸುವ ದಲ್ಲಾಳಿಯ ಮಾತಿಗೆ ಮಣಿಯದಿರುವುದೇ ಲೇಸು.