ಪುರುಸೊತ್ತಿಗೂ ಒಂದು ಬಿಲ್ ಇದೆ

ಮನೆಯಲ್ಲೇ ಕೂತು ಅನುವಾದ ಮಾಡಿ ಬದುಕುವವರಿಗೆ ರಜೆ ಎಂಬುದಿಲ್ಲ. ಕೆಲಸ ಸಿಗದ ದಿನಗಳಿರುತ್ತವೆ, ಅಷ್ಟೆ. ಹಾಗಾಗಿ ಮುಂಬಯಿಯಲ್ಲಿ ಲಕ್ಷದ್ವೀಪದ ಕ್ರೂಸ್ ಹಡಗು ಹತ್ತಿದಾಗ ನಾನು ನಿಜವಾಗಿ ದುಡ್ಡು ಕೊಟ್ಟದ್ದು ದ್ವೀಪಕ್ಕಲ್ಲ, ನಡುವಿನ ಒಂದು ದಿನಕ್ಕೆ. ಹಡಗು ಯಾವ ಬಂದರನ್ನೂ ಮುಟ್ಟದೆ ಬೆಳಗಿನಿಂದ ರಾತ್ರಿಯವರೆಗೆ ನೀರಿನ ಮೇಲೇ ಇರುವ ದಿನ ಅದು.

ಆ ದಿನ ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ಫೋನಿಗೆ ಸಿಗ್ನಲ್ ಇಲ್ಲ. ವೈಫೈಗೆ ಬೇರೆ ದುಡ್ಡು, ನಾನು ಕೊಡಲಿಲ್ಲ. ಕೆಳಗೆ ಹೌಸಿ, ಡಾನ್ಸ್ ಕ್ಲಾಸು, ಮ್ಯಾಜಿಕ್ ಶೋ ಎಂದು ಗಂಟೆಗೊಂದು ಕೂಗು. ನಾನು ಮೇಲಿನ ಡೆಕ್ಕಿನಲ್ಲಿ ನೆರಳು ಹುಡುಕಿ ಕೂತೆ. ಹಾರುವ ಮೀನು ನೋಡಿದೆ, ನಿದ್ದೆ ಹೊಡೆದೆ, ಎದ್ದು ಚಹಾ ಕುಡಿದೆ.

ಭಾಷಾವಿಜ್ಞಾನ ಓದಿದವರ ಚಟ ಬಿಡುವುದಿಲ್ಲ. ‘ಪುರುಸೊತ್ತು’ ‘ಫುರ್ಸತ್’ನಿಂದ ಬಂದದ್ದು. ‘ರಜೆ’ಯ ಅರಬ್ಬಿ ಮೂಲದಲ್ಲಿರುವ ಅರ್ಥ ಒಪ್ಪಿಗೆ. ‘ಬಿಡುವು’ ಮಾತ್ರ ನಮ್ಮದೇ ‘ಬಿಡು’ವಿನಿಂದ ಹುಟ್ಟಿದ್ದು. ರಜೆ ಇನ್ನೊಬ್ಬರು ಒಪ್ಪಿ ಕೊಡುವಂಥದು. ಬಿಡುವು ನಾವೇ ಮಾಡಿಕೊಳ್ಳುವಂಥದು. ಇದನ್ನು ಯೋಚಿಸುತ್ತಿದ್ದಾಗಲೇ ಕಪ್ಪು ತೆಗೆಯಲು ಬಂದ ಹುಡುಗ ನನ್ನ ಕೈಯಲ್ಲಿದ್ದ ಕನ್ನಡ ಪುಸ್ತಕ ನೋಡಿ ಕೇಳಿದ: “ನಿಮ್ಮದು ಊರು ಎಲ್ಲಿ ಆಯ್ತು ಅಕ್ಕ?”

ಅವನದು ಕುಂದಾಪುರದ ಕಡೆ. “ಈಗ ನಮ್ಮೂರು ಆಚೆ ಬದಿ,” ಎಂದು ಪೂರ್ವಕ್ಕೆ ಕೈ ತೋರಿಸಿದ. ಅಲ್ಲಿ ಕಂಡದ್ದು ನೀರು ಮಾತ್ರ. ಒಂದು ಕಾಲಕ್ಕೆ ಕರಾವಳಿಯವರು ಮುಂಬಯಿ ಹೋಟೆಲುಗಳಿಗೆ ದುಡಿಯಲು ಹೋದದ್ದೂ ಇದೇ ಕಡಲಿನ ಮೇಲೆ, ಸ್ಟೀಮರಿನಲ್ಲಿ. ಇವನಿಗೆ ಹಡಗೇ ಹೋಟೆಲು. ರಜೆ ಯಾವಾಗ ಎಂದೆ. “ವಾರದ ರಜೆ ಅಂತ ಇಲ್ಲ ಅಕ್ಕ. ಕಾಂಟ್ರಾಕ್ಟ್ ಮುಗಿದ ಮೇಲೆ ಒಟ್ಟಿಗೆ.”

ಇದರಲ್ಲಿ ಕಾನೂನು ಮೀರಿದ್ದೇನೂ ಇರಬೇಕಿಲ್ಲ. ಕಡಲ ಕಾರ್ಮಿಕರಿಗಾಗಿ 2006ರಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತವೂ 2015ರಲ್ಲಿ ಸೇರಿತು. ಅದರಲ್ಲಿ ದೇಶಗಳು ಆರಿಸಿಕೊಳ್ಳಬಹುದಾದ ಒಂದು ಅಳತೆ: ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ. ಕಳೆದು ನೋಡಿ, ಉಳಿದದ್ದು ವಾರಕ್ಕೆ 91 ಗಂಟೆ. ಬಂದರಿನಲ್ಲಿ ನಾವು ಇಳಿದು ಹೋದರೆ ಅವರಿಗೆ ಸ್ವಲ್ಪ ಉಸಿರಾಡಲು ಸಿಕ್ಕೀತು. ನಮ್ಮ ಬಿಡುವಿನ ದಿನ ಅವರಿಗೆ ಎಲ್ಲಕ್ಕಿಂತ ಉದ್ದದ ದಿನ.

ಕೊನೆಯ ಸಂಜೆ ಕೌಂಟರಿನ ಮುಂದೆ ಸಾಲು. ಬಿಲ್ಲಿನಲ್ಲಿ ಸೇರಿದ್ದ ಸಿಬ್ಬಂದಿಯ ಟಿಪ್ಸ್ ತೆಗೆಸಲು ನಿಂತವರು ಅವರು. ನನ್ನ ಪಕ್ಕದ ಮೇಜಿನಲ್ಲಿ ಮೂರು ದಿನ “ಎಷ್ಟು ಒಳ್ಳೆಯ ಹುಡುಗರು” ಎಂದು ಹೊಗಳಿದ್ದ ದಂಪತಿಯೂ ಅದರಲ್ಲಿದ್ದರು. ಅವರ ವಾದ ನನಗೆ ಗೊತ್ತು: ಸಂಬಳ ಕೊಡಬೇಕಾದ್ದು ಕಂಪನಿ, ನಾವೇಕೆ ಕೊಡಬೇಕು? ವಾದ ಸರಿಯೇ. ಆದರೆ ಅದನ್ನು ಟಿಕೆಟ್ ಕೊಳ್ಳುವ ಮೊದಲು ಕಂಪನಿಯನ್ನೇ ಕೇಳಬೇಕು. ಕೊನೆಯ ಸಂಜೆ ಕೇಳಿದರೆ ಕಂಪನಿಗೆ ನಷ್ಟವಿಲ್ಲ. ಕಪ್ಪು ತೆಗೆದ ಹುಡುಗನ ಜೇಬಿಗೆ ಮಾತ್ರ ಕತ್ತರಿ.

ಹಡಗು ಹತ್ತಬೇಡಿ ಎನ್ನುವುದಿಲ್ಲ; ನಾನೇ ಮತ್ತೆ ಹೋದೇನು. ಹೋದವರು ಆ ಸಾಲಿನಲ್ಲಿ ಮಾತ್ರ ನಿಲ್ಲಬೇಡಿ.