ಹಡಗಿನ ಏಣಿ ಏರಲಾರದ ಅತಿಥಿಗಳು



ಮದುವೆ ಎಲ್ಲಿ ಎಂದು ಕೇಳಿದರೆ ನಮ್ಮ ಹಿರಿಯರ ಬಳಿ ಸಿದ್ಧ ಉತ್ತರವಿತ್ತು: ಹುಡುಗಿಯ ಊರಿನ ದೇವಾಲಯದಲ್ಲಿ, ಇಲ್ಲವೇ ಹುಡುಗನ ಊರಿನ ದೇವಾಲಯದಲ್ಲಿ. ಚಪ್ಪರ ಎಲ್ಲಿ, ಊಟ ಎಲ್ಲಿ ಎಂಬುದಷ್ಟೇ ಚರ್ಚೆಯ ವಿಷಯವಾಗಿತ್ತು. ಇಂದು ಅದೇ ಪ್ರಶ್ನೆಗೆ ಬೆಟ್ಟದ ರೆಸಾರ್ಟು, ಗೋವೆಯ ಕಡಲತೀರ, ಕೊನೆಗೆ ಪ್ರವಾಸಿ ಹಡಗು ಎಂಬ ಉತ್ತರಗಳೂ ಕೇಳಿಬರುತ್ತಿವೆ. 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಗೋವೆ, ಲಕ್ಷದ್ವೀಪ, ಕೊಚ್ಚಿಗಳ ಕಡೆಗೆ ಐಷಾರಾಮಿ ಹಡಗಿನ ವಿಹಾರಗಳು ಆರಂಭವಾದವು. 2024ರ ಮೇ ತಿಂಗಳ ಕೊನೆಯಲ್ಲಿ ಅಂಬಾನಿ ಕುಟುಂಬವು ಮಗನ ವಿವಾಹಪೂರ್ವ ಸಂಭ್ರಮವನ್ನು ಇಟಲಿಯಿಂದ ಫ್ರಾನ್ಸಿನ ದಕ್ಷಿಣ ತೀರದತ್ತ ಸಾಗಿದ ಹಡಗಿನಲ್ಲಿ ನಡೆಸಿದ ಸುದ್ದಿಯನ್ನು ದೇಶವೆಲ್ಲ ಓದಿತು. ಆ ಮಟ್ಟದ ಹಣ ನಮ್ಮಲ್ಲಿ ಯಾರ ಬಳಿಯೂ ಇಲ್ಲ. ಆದರೆ ಆಸೆ ಹುಟ್ಟುವುದಕ್ಕೆ ಹಣ ಬೇಕಾಗಿಲ್ಲವಷ್ಟೆ!

ಆದುದರಿಂದ ಈ ವಿಷಯದಲ್ಲಿ ಸುತ್ತುಬಳಸಿ ಮಾತನಾಡದೆ ನೇರವಾಗಿ ಹೇಳುತ್ತೇನೆ: ಕ್ರೈಸ್ತ ವಿವಾಹಕ್ಕೆ ಪ್ರವಾಸಿ ಹಡಗು ತಕ್ಕ ಸ್ಥಳವಲ್ಲ. ಕಡಲು ಅಪವಿತ್ರ ಎಂದಲ್ಲ; ಸಂತೋಷಪಡುವುದು ಪಾಪವೆಂದೂ ಅಲ್ಲ. ನಿಮ್ಮ ದಾಂಪತ್ಯಕ್ಕೆ ಯಾರು ಸಾಕ್ಷಿಗಳಾಗಬೇಕೆಂಬುದನ್ನು ಅಲ್ಲಿ ನಿರ್ಧರಿಸುವುದು ಟಿಕೆಟ್ಟಿನ ಬೆಲೆ. ನನ್ನ ತಕರಾರು ಇರುವುದು ಅಲ್ಲಿಯೇ.

ಹಡಗಿನ ಮದುವೆಯ ಪರವಾಗಿ ಮೊದಲು ಕೇಳಿಬರುವ ವಾದ ಮಿತವ್ಯಯದ್ದು. ‘ಊರಿನಲ್ಲಿ ಮದುವೆ ಮಾಡಿದರೆ ಸಾವಿರ ಜನರನ್ನು ಕರೆಯಬೇಕು, ಹಾಲ್ ಹಿಡಿಯಬೇಕು, ವೇದಿಕೆಯ ಅಲಂಕಾರಕ್ಕೇ ಲಕ್ಷಗಟ್ಟಲೆ ಸುರಿಯಬೇಕು. ಹಡಗಿನಲ್ಲಾದರೆ ಐವತ್ತು ಜನ ಸಾಕು’ ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ ಎಂಬುದನ್ನು ಒಪ್ಪಲೇಬೇಕು. ನಮ್ಮ ಊರಿನ ಮದುವೆಗಳು ಸಾಲದ ಗುಂಡಿಗಳಾಗಿರುವುದು ಸುಳ್ಳಲ್ಲ. ಆದರೆ ಹಡಗಿನವರು ಖರ್ಚನ್ನು ಹೇಗೆ ಉಳಿಸುತ್ತಾರೆ, ಗಮನಿಸಿ. ಆಡಂಬರವನ್ನು ಬಿಟ್ಟು ಉಳಿಸುವುದಿಲ್ಲ, ಜನರನ್ನು ಬಿಟ್ಟು ಉಳಿಸುತ್ತಾರೆ. ಬಡಿಸುವ ಬಗೆಗಳನ್ನು ಕಡಿಮೆ ಮಾಡುವುದು ಮಿತವ್ಯಯ. ಉಣ್ಣುವವರನ್ನೇ ಕಡಿಮೆ ಮಾಡಿ ಬಗೆಗಳನ್ನು ಹೆಚ್ಚಿಸುವುದಕ್ಕೆ ಆ ಹೆಸರು ಸಲ್ಲದು.

ಹಾಗಾದರೆ ಹೊರಗೆ ಉಳಿಯುವವರು ಯಾರು? ಮೊಣಕಾಲು ನೋವಿನ ಅಜ್ಜಿ. ವಾರಕ್ಕೆ ಎರಡು ಬಾರಿ ಡಯಾಲಿಸಿಸ್‌ಗೆ ಹೋಗಬೇಕಾದ ಚಿಕ್ಕಪ್ಪ. ಹೊರದೇಶದ ಹಡಗಾದರೆ, ಪಾಸ್‌ಪೋರ್ಟು ಮಾಡಿಸದ ಸೋದರತ್ತೆ. ತುಂಬು ಬಸುರಿಯಾದ ಅಕ್ಕ. ಏಕೆಂದರೆ 24 ವಾರಗಳನ್ನು ಮುಟ್ಟಿದ ಗರ್ಭಿಣಿಯರನ್ನು ಬಹುತೇಕ ಪ್ರವಾಸಿ ಹಡಗುಗಳು ಹತ್ತಿಸಿಕೊಳ್ಳುವುದಿಲ್ಲ. ನಾಲ್ಕು ದಿನದ ಕೂಲಿಯನ್ನು ಬಿಡಲಾಗದ ನೆರೆಯವನು. ಚಿಕ್ಕಂದಿನಲ್ಲಿ ನಿಮಗೆ ಜಪಗಳನ್ನು ಕಲಿಸಿದ ಧರ್ಮೋಪದೇಶದ ಟೀಚರ್. ಇವರನ್ನು ನೀವು ಬೇಡವೆಂದು ತಳ್ಳಿಲ್ಲ, ನಿಜ. ಆದರೆ ಇವರು ಬರಲಾಗದಂತಹ ಸ್ಥಳವನ್ನು ಆರಿಸಿದವರು ನೀವೇ. ‘ಕರೆದಿದ್ದೆವು, ಅವರೇ ಬರಲಿಲ್ಲ’ ಎಂಬ ಸಮಾಧಾನ ಇಲ್ಲಿ ಸಲ್ಲದು.

‘ಮದುವೆ ಇಬ್ಬರ ವಿಷಯ, ಮೂರನೆಯವರಿಗೇನು?’ ಎಂದು ಯುವಜನರು ಕೇಳಬಹುದು. ಇದೇ ಪ್ರಶ್ನೆಯನ್ನು ಧರ್ಮಸಭೆ ಶತಮಾನಗಳ ಹಿಂದೆಯೇ ಕಣ್ಣೀರಿನ ಅನುಭವದಿಂದ ಬಗೆಹರಿಸಿಕೊಂಡಿದೆ. ಹದಿನಾರನೆಯ ಶತಮಾನದವರೆಗೆ ಗಂಡು ಹೆಣ್ಣು ಇಬ್ಬರೇ ಗುಟ್ಟಾಗಿ ಪರಸ್ಪರ ಒಪ್ಪಿಗೆ ಕೊಟ್ಟುಕೊಂಡರೂ ಆ ಮದುವೆ ಊರ್ಜಿತವಾಗುತ್ತಿತ್ತು. ಪರಿಣಾಮವೇನಾಯಿತು? ಇಂದು ಒಬ್ಬಳಿಗೆ ಮಾತು ಕೊಟ್ಟವನು ನಾಳೆ ಇನ್ನೊಬ್ಬಳನ್ನು ಎಲ್ಲರೆದುರು ವರಿಸಿ, ಮೊದಲನೆಯವಳನ್ನು ಕಂಡೇ ಇಲ್ಲವೆನ್ನಬಹುದಾಗಿತ್ತು. ನ್ಯಾಯ ಕೇಳಲು ಬಂದ ಹೆಣ್ಣಿನ ಪರವಾಗಿ ನುಡಿಯಲು ಒಬ್ಬ ಸಾಕ್ಷಿಯೂ ಇರುತ್ತಿರಲಿಲ್ಲ. ಆದ್ದರಿಂದಲೇ ತ್ರೆಂತ್ ಮಹಾಸಭೆಯು 1563ರಲ್ಲಿ, ವಿಚಾರಣಾ ಗುರುಗಳ ಹಾಗೂ ಸಾಕ್ಷಿಗಳ ಸಮಕ್ಷಮದಲ್ಲಿ ನಡೆಯದ ಮದುವೆ ಮದುವೆಯೇ ಅಲ್ಲ ಎಂಬ ಕಟ್ಟಳೆಯನ್ನು ತಂದಿತು. ಮದುವೆಗೆ ಮುಂಚೆ ದೇವಾಲಯದಲ್ಲಿ ಮೂರು ಬಾರಿ ಪ್ರಕಟಣೆ ಓದುವ ಕ್ರಮವನ್ನೂ ಆ ಕಟ್ಟಳೆ ಬಿಗಿಗೊಳಿಸಿತು. ಊರಿನ ಕಣ್ಣೆದುರು ಮದುವೆ ನಡೆಯಬೇಕೆಂಬುದು ಗುರುಗಳ ಅಧಿಕಾರದಾಹವಲ್ಲ, ಪ್ರಿಯರೇ. ದುರ್ಬಲರಾದವರಿಗೆ ಧರ್ಮಸಭೆ ಕಟ್ಟಿಕೊಟ್ಟ ಬೇಲಿ ಅದು.

ಈ ಬೇಲಿಯ ಇಂದಿನ ರೂಪವನ್ನೂ ತಿಳಿದುಕೊಳ್ಳಿ. 1983ರ ಧರ್ಮಸಭಾ ಕಾನೂನು ಸಂಹಿತೆಯ 1118ನೆಯ ವಿಧಿಯ ಪ್ರಕಾರ ಕಥೋಲಿಕರ ವಿವಾಹ ಧರ್ಮಕೇಂದ್ರದ ದೇವಾಲಯದಲ್ಲಿ ನಡೆಯಬೇಕು. ದೇವಾಲಯ ಅಥವಾ ಪ್ರಾರ್ಥನಾಲಯವಲ್ಲದ ಬೇರೊಂದು ತಕ್ಕ ಸ್ಥಳಕ್ಕೆ ಅನುಮತಿ ನೀಡುವ ಅಧಿಕಾರ ಸ್ಥಳೀಯ ಧರ್ಮಾಧ್ಯಕ್ಷರದ್ದು. ವಿಚಾರಣಾ ಗುರುವಿನ ಅಧಿಕಾರಕ್ಕೆ ಗಡಿಯಿದೆ. ನಿಮಗೆ ಪರಿಚಿತರಾದ ಗುರುಗಳೊಬ್ಬರು ರಜೆಯಲ್ಲಿ ನಿಮ್ಮೊಡನೆ ಹಡಗು ಹತ್ತಿದ ಮಾತ್ರಕ್ಕೆ ನಡುಗಡಲಿನಲ್ಲಿ ನಿಮ್ಮ ವಿವಾಹವನ್ನು ನೆರವೇರಿಸಲು ಅವರಿಗೆ ಅಧಿಕಾರ ದೊರೆಯುವುದಿಲ್ಲ. ಕಡಲ ಕೆಲಸಗಾರರ ಆಧ್ಯಾತ್ಮಿಕ ಸೇವೆಗಾಗಿ ನೇಮಕಗೊಂಡ ಗುರುಗಳಿಗೂ, 1997ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು ಹೊರಡಿಸಿದ ನಿಯಮಗಳಂತೆ, ಯಾನದ ನಡುವೆ ವಿವಾಹ ನೆರವೇರಿಸಲು ವಿಧಿವತ್ತಾದ ನಿಯೋಜನೆ ಬೇಕೇ ಬೇಕು. ವಿವಾಹದ ವಿವರ ದಾಖಲೆ ಪುಸ್ತಕ ಸೇರಲೂ ಬೇಕು.

ಇನ್ನು ಹಡಗಿನ ಕಪ್ತಾನ. ಕಪ್ತಾನನಾದವನು ಯಾರಿಗೆ ಬೇಕಾದರೂ ಮದುವೆ ಮಾಡಿಸಬಹುದೆಂಬ ನಂಬಿಕೆ ಸಿನಿಮಾಗಳಿಂದ ಹಬ್ಬಿದ್ದು. ಅವನಿಗೆ ಆ ಹಕ್ಕು ಇದೆಯೋ ಇಲ್ಲವೋ ಎಂಬುದು ಹಡಗು ಯಾವ ದೇಶದಲ್ಲಿ ನೋಂದಣಿಯಾಗಿದೆ ಎಂಬುದನ್ನು ಅವಲಂಬಿಸಿದೆ. ಬ್ರಿಟನ್ನಿನ ಕಾನೂನು ಅದನ್ನು ಕೊಡುವುದಿಲ್ಲ. ಹೆಸರಾಂತ ಕ್ಯುನಾರ್ಡ್ ಕಂಪನಿಯು 2011ರಲ್ಲಿ ತನ್ನ ಹಡಗುಗಳ ನೋಂದಣಿಯನ್ನು ಬ್ರಿಟನ್ನಿನ ಸೌತಾಂಪ್ಟನ್‌ನಿಂದ ಬರ್ಮುಡಾ ದ್ವೀಪಕ್ಕೆ ವರ್ಗಾಯಿಸಿದಾಗ, ಹಡಗಿನ ಮೇಲೆ ಮದುವೆ ನಡೆಸುವ ಅವಕಾಶವೂ ಅದಕ್ಕೆ ಕೊಡಲಾದ ಕಾರಣಗಳಲ್ಲಿ ಒಂದಾಗಿತ್ತು. ಮದುವೆ ಎಂತಹ ವ್ಯಾಪಾರವಾಗಿದೆ ನೋಡಿ! ಕಾನೂನು ಒಪ್ಪಿದ ಕಡೆಯಲ್ಲಿಯೂ ಅದು ಸರ್ಕಾರಿ ಮದುವೆಯಾದೀತೇ ಹೊರತು ಕಥೋಲಿಕರಿಗೆ ವಿವಾಹ ಸಂಸ್ಕಾರವಾಗದು. ಎಷ್ಟೋ ಕಡೆ ನಡೆಯುವುದು ಕಾನೂನಿನ ಬಲವೂ ಇಲ್ಲದ, ಫೋಟೋಗಾಗಿ ಏರ್ಪಡಿಸಿದ ಸಮಾರಂಭ ಮಾತ್ರ.

‘ಹಾಗಾದರೆ ದೇವಾಲಯದಲ್ಲಿ ಒಂದು ಬೆಳಿಗ್ಗೆ ಹತ್ತು ಜನರೆದುರು ಶಾಸ್ತ್ರ ಮುಗಿಸಿ, ನಿಜವಾದ ಮದುವೆಯನ್ನು ಹಡಗಿನಲ್ಲಿ ಆಚರಿಸುತ್ತೇವೆ’ ಎಂಬ ಉಪಾಯ ಹೊಳೆದೀತು. ಆ ‘ನಿಜವಾದ’ ಎಂಬ ಪದದ ಮೇಲೆ ಒಂದು ಕ್ಷಣ ನಿಲ್ಲಿ. ಬಲಿಪೀಠದ ಮುಂದೆ ಕೊಟ್ಟ ಮಾತು ಕಾಗದಪತ್ರದ ಕೆಲಸ, ಹಡಗಿನ ಮೇಲಣ ದೀಪಾಲಂಕಾರ ನಿಜ ಎಂದಾದರೆ, ನಾವು ಸ್ಥಳವನ್ನಷ್ಟೇ ಬದಲಾಯಿಸಿಲ್ಲ, ವಿಶ್ವಾಸವನ್ನೇ ಬದಲಾಯಿಸಿದ್ದೇವೆ. ದೇವಾಲಯವನ್ನು ರಿಜಿಸ್ಟ್ರಾರ್ ಕಚೇರಿಯಂತೆ ಬಳಸಿಕೊಳ್ಳುವುದಕ್ಕಿಂತ ದೊಡ್ಡ ಅವಮರ್ಯಾದೆ ಸಂಸ್ಕಾರಕ್ಕೆ ಬೇರೊಂದಿಲ್ಲ.

ಇಲ್ಲಿ ಜಾಣರಾದ ಓದುಗರು ಎರಡು ಆಕ್ಷೇಪಗಳನ್ನು ಎತ್ತುತ್ತಾರೆಂದು ಬಲ್ಲೆ. ಮೊದಲನೆಯದು, ‘ಯೇಸುಸ್ವಾಮಿಯೇ ದೋಣಿಯಲ್ಲಿ ಕುಳಿತು ಬೋಧಿಸಲಿಲ್ಲವೇ?’ ಎಂಬುದು. ಹೌದು, ಸಂತ ಲೂಕರ ಶುಭಸಂದೇಶದ ಐದನೆಯ ಅಧ್ಯಾಯ ಅದನ್ನು ಹೇಳುತ್ತದೆ. ಆದರೆ ಪ್ರಭು ದೋಣಿ ಹತ್ತಿದ್ದು ಏತಕ್ಕೆ? ದಡದಲ್ಲಿ ಮುತ್ತಿದ್ದ ಜನರೆಲ್ಲರಿಗೂ ತಮ್ಮ ಮಾತು ಕೇಳಿಸಲೆಂದು. ದೋಣಿಯನ್ನು ದಡದಿಂದ ಸ್ವಲ್ಪವೇ ದೂರ ನೂಕಿಸಿಕೊಂಡರು. ಜನಸಮೂಹವನ್ನು ತಲುಪಲೆಂದು ಹತ್ತಿದ ದೋಣಿಗೂ ಜನಸಮೂಹವನ್ನು ದಡದಲ್ಲೇ ಬಿಟ್ಟುಹೋಗುವ ಹಡಗಿಗೂ ಏನು ಹೋಲಿಕೆ?

ಎರಡನೆಯ ಆಕ್ಷೇಪ ಇನ್ನೂ ಚುರುಕಾದುದು. 2018ರ ಜನವರಿ 18ರಂದು ಜಗದ್ಗುರು ಫ್ರಾನ್ಸಿಸರು ಚಿಲಿ ದೇಶದಲ್ಲಿ ಪ್ರಯಾಣಿಸುತ್ತಿದ್ದಾಗ ಹಾರುತ್ತಿರುವ ವಿಮಾನದಲ್ಲಿಯೇ ಇಬ್ಬರಿಗೆ ವಿವಾಹ ಸಂಸ್ಕಾರ ನೀಡಿದರು. ‘ವಿಮಾನದಲ್ಲಿ ಆಗುವುದಾದರೆ ಹಡಗಿನಲ್ಲಿ ಏಕಾಗದು?’ ಎಂದು ಕೇಳಬಹುದು. ಆ ದಂಪತಿ ಯಾರು ಎಂಬುದನ್ನು ಮರೆಯಬೇಡಿ. ಅವರು ಅದೇ ವಿಮಾನದಲ್ಲಿ ದುಡಿಯುತ್ತಿದ್ದ ಸಿಬ್ಬಂದಿ. 2010ರಲ್ಲಿ ಸರ್ಕಾರಿ ವಿವಾಹವಾಗಿದ್ದ ಅವರು ದೇವಾಲಯದಲ್ಲಿ ಮದುವೆಯಾಗಲು ಬಯಸಿದ್ದಾಗ ಆ ವರ್ಷದ ಭೂಕಂಪ ಅವರ ದೇವಾಲಯಕ್ಕೆ ಹಾನಿಮಾಡಿತ್ತು. ಎಂಟು ವರ್ಷ ಸಂಸ್ಕಾರವಿಲ್ಲದೆ ಉಳಿದವರಿಗೆ ಜಗದ್ಗುರುಗಳು ತಮಗಿರುವ ಸರ್ವಾಧಿಕಾರದಿಂದ ಅವರು ದುಡಿಯುವ ಜಾಗದಲ್ಲಿಯೇ ಅದನ್ನು ಕರುಣಿಸಿದರು. ಅವರು ವಿಮಾನವನ್ನು ಅಂದಕ್ಕಾಗಿ ಆರಿಸಿಕೊಂಡವರಲ್ಲ. ಧರ್ಮಸಭೆಗೆ ಸಡಿಲಿಕೆ ಗೊತ್ತಿಲ್ಲದಿಲ್ಲ. ಸಾವಿನ ಅಪಾಯದಲ್ಲಿ, ಇಲ್ಲವೇ ಒಂದು ತಿಂಗಳವರೆಗೂ ಗುರುಗಳು ಸಿಗದಂತಹ ಸ್ಥಿತಿಯಲ್ಲಿ, ಇಬ್ಬರು ಸಾಕ್ಷಿಗಳ ಎದುರಿನ ವಿವಾಹವನ್ನೂ ಅದು ಮಾನ್ಯಮಾಡುತ್ತದೆ. ಕೊರತೆಯಲ್ಲಿರುವವರಿಗೆ ತೆರೆದ ಬಾಗಿಲನ್ನು ಕೊರತೆಯೇ ಇಲ್ಲದವರು ತಮ್ಮ ಹಕ್ಕೆಂದು ಕೇಳಬಾರದು.

ಇದೇ ಜಗದ್ಗುರುಗಳು 2016ರ ತಮ್ಮ ‘ಅಮೋರಿಸ್ ಲೇತಿತ್ಸಿಯಾ’ ಪ್ರಬೋಧನೆಯಲ್ಲಿ, ಉಡುಪು, ಔತಣ, ಸಿದ್ಧತೆಗಳಲ್ಲೇ ಮುಳುಗಿದ ಜೋಡಿಗಳು ದಣಿದು ಬಳಲಿದವರಾಗಿ ಮದುವೆಗೆ ಬಂದು ನಿಲ್ಲುತ್ತಾರೆಂದು ಮರುಗಿದ್ದಾರೆ. ಅನುಭೋಗದ ಸಮಾಜಕ್ಕೆ ಬಲಿಯಾಗದೆ ಭಿನ್ನವಾಗಿ ನಡೆಯುವ ಧೈರ್ಯ ತೋರಿರೆಂದು ಯುವಜನರನ್ನು ಹುರಿದುಂಬಿಸಿದ್ದಾರೆ. ಹಡಗಿನಲ್ಲಿ ಮದುವೆಯಾಗುವುದಕ್ಕೆ ಹಣ ಸಾಕು; ಊರಿನ ದೇವಾಲಯದಲ್ಲಿ ಸರಳವಾಗಿ ಮದುವೆಯಾಗುವುದಕ್ಕೆ ಇಂದು ಧೈರ್ಯ ಬೇಕು!

ಇನ್ನೊಂದು ಮಾತು. ಇದನ್ನು ನಮ್ಮ ಕರಾವಳಿಯ ಕುಟುಂಬಗಳು ನಾನು ಹೇಳುವುದಕ್ಕಿಂತ ಚೆನ್ನಾಗಿ ಬಲ್ಲವು. ‘ಮಗ ಶಿಪ್ಪಿನಲ್ಲಿದ್ದಾನೆ’ ಎನ್ನುವ ತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟಿಲ್ಲ? ಪ್ರವಾಸಿ ಹಡಗುಗಳ ಅಡುಗೆಮನೆಯಲ್ಲಿ, ಊಟದ ಸಾಲೆಯಲ್ಲಿ, ಕೋಣೆಗಳ ಶುಚಿಯಲ್ಲಿ ದುಡಿಯುತ್ತಿರುವವರಲ್ಲಿ ಮಂಗಳೂರು, ಉಡುಪಿ, ಗೋವೆಗಳ ನಮ್ಮ ಮಕ್ಕಳಿದ್ದಾರೆ. ಕಡಲ ಕಾರ್ಮಿಕರ ಕುರಿತ 2006ರ ಅಂತರರಾಷ್ಟ್ರೀಯ ಒಪ್ಪಂದವು ದಿನಕ್ಕೆ ಕನಿಷ್ಠ 10 ಗಂಟೆಗಳ ವಿಶ್ರಾಂತಿ ಇರಬೇಕೆನ್ನುತ್ತದೆ. ಎಂದರೆ ಉಳಿದ 14 ಗಂಟೆಗಳವರೆಗೂ ದುಡಿಸಿಕೊಳ್ಳಬಹುದೆಂದಾಯಿತು. ತಿಂಗಳುಗಟ್ಟಲೆ ಊರಿನ ಮುಖ ಕಾಣದ ಈ ಮಕ್ಕಳು ತಂಗಿಯ ಮದುವೆಯನ್ನೋ ತಂದೆಯ ಅಂತ್ಯಕ್ರಿಯೆಯನ್ನೋ ಫೋನಿನ ಪರದೆಯಲ್ಲಿ ನೋಡಿ ಕಣ್ಣೊರೆಸಿಕೊಂಡು ಮತ್ತೆ ತಟ್ಟೆ ಹಿಡಿಯುತ್ತಾರೆ. ಊರಿನಲ್ಲಿ ಮನೆಯವರ ನಡುವೆ ನಿಂತು ಮದುವೆ ನೋಡುವ ಭಾಗ್ಯಕ್ಕಾಗಿ ಅವರು ಹಂಬಲಿಸುತ್ತಿರುವಾಗ, ಆ ಭಾಗ್ಯ ಕೈಯಲ್ಲಿರುವ ನಾವು ಅದನ್ನು ದಡದಲ್ಲಿ ಬಿಟ್ಟು ಹಡಗು ಹತ್ತುವುದೇ?

ಕಾನಾ ಊರಿನ ಮದುವೆಯನ್ನು ನೆನೆಯಿರಿ. ಅಲ್ಲಿ ನೀರು ದ್ರಾಕ್ಷಾರಸವಾದುದು ಎಲ್ಲಿಂದ ಬಂತೆಂದು ಔತಣದ ಮೇಲ್ವಿಚಾರಕನಿಗೆ ಗೊತ್ತಾಗಲಿಲ್ಲ. ನೀರು ಸೇದಿ ತಂದ ಸೇವಕರಿಗೆ ಗೊತ್ತಿತ್ತು ಎಂದು ಸಂತ ಯೊವಾನ್ನರು ಬರೆಯುತ್ತಾರೆ. ಕೊರತೆಯನ್ನು ಮೊದಲು ಕಂಡವಳು ಮಾತೆ ಮರಿಯಮ್ಮ. ಆಕೆ ಅಲ್ಲಿದ್ದುದರಿಂದ ಕಂಡಳು. ದಾಂಪತ್ಯದಲ್ಲಿ ಒಂದಲ್ಲ ಒಂದು ದಿನ ರಸ ಮುಗಿಯುತ್ತದೆ. ಕೆಲಸ ಹೋಗಬಹುದು, ಮಗುವಿಗೆ ಕಾಯಿಲೆ ಬರಬಹುದು, ಗಂಡ ಹೆಂಡಿರ ನಡುವೆ ಮಾತು ನಿಲ್ಲಬಹುದು. ಅಂದು ನಿಮ್ಮ ಮನೆಯ ಬಾಗಿಲು ತಟ್ಟುವವರು ಯಾರು? ಹಡಗಿನ ಸಮಾರಂಭ ಸಂಯೋಜಕರಲ್ಲ. ‘ನಿಮ್ಮ ಮದುವೆಗೆ ನಾನು ಬಂದಿದ್ದೆನಲ್ಲ’ ಎಂಬ ಸಲುಗೆಯಿಂದ ಒಳಗೆ ಬರುವ ನೆರೆಯವಳು, ವಾರ್ಡಿನ ಗುರಿಕಾರ, ಮುದಿ ಚಿಕ್ಕಮ್ಮ. ಮದುವೆಗೆ ಕರೆಯದವರನ್ನು ಕಷ್ಟಕ್ಕೆ ಕರೆಯುವುದು ಹೇಗೆ?

ಆದುದರಿಂದ ತಂದೆತಾಯಂದಿರೇ, ಯುವಮಿತ್ರರೇ, ಮದುವೆಯ ತಾರೀಖು ನಿಶ್ಚಯಿಸುವ ಮುನ್ನ ನಿಮ್ಮ ವಿಚಾರಣಾ ಗುರುಗಳನ್ನು ಕಾಣಿರಿ. ಖರ್ಚು ಕಡಿಮೆ ಮಾಡಬೇಕೆಂದರೆ ವೇದಿಕೆಯ ಹೂವಿನಲ್ಲಿ, ಪಟಾಕಿಯಲ್ಲಿ, ಮದ್ಯದಲ್ಲಿ ಕಡಿಮೆ ಮಾಡಿ. ಬಲಿಪೂಜೆಯ ನಂತರ ದೇವಾಲಯದ ಅಂಗಳದಲ್ಲಿ ಎಲ್ಲರಿಗೂ ಒಂದು ಸಾದಾ ಊಟ ಹಾಕಿದರೂ ಮದುವೆಗೆ ಕುಂದಿಲ್ಲ. ನಮ್ಮ ಧರ್ಮಕೇಂದ್ರಗಳೂ ಅಂಗಳ ಹಾಗೂ ಸಭಾಭವನಗಳನ್ನು ಬಡವರ ಕೈಗೆಟುಕುವಂತೆ ತೆರೆದಿಡಲಿ. ಹಡಗಿನ ವಿಹಾರದ ಆಸೆಯಿದ್ದರೆ ಮದುವೆಯ ಮರುವಾರ ಗಂಡ ಹೆಂಡತಿ ಇಬ್ಬರೂ ಸಂತೋಷದಿಂದ ಹೋಗಿಬನ್ನಿ; ಅಲ್ಲಿ ನಿಮಗೆ ಬಡಿಸುವ ಹುಡುಗ ನಮ್ಮ ಊರಿನವನಾಗಿದ್ದರೆ ಅವನ ತಾಯಿಯ ಸುದ್ದಿ ಹೇಳಿ.

ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಮಾತ್ರ ಒಂದು ಪಟ್ಟಿ ಮಾಡಿರಿ. ಮೊದಲ ಹೆಸರು ಪ್ರಭು ಯೇಸುವಿನದಾಗಿರಲಿ. ಎರಡನೆಯದು ಮಾತೆ ಮರಿಯಮ್ಮನದಾಗಿರಲಿ. ಅದರ ಕೆಳಗೆ, ಹಡಗಿನ ಏಣಿ ಏರಲಾರದವರೆಲ್ಲರ ಹೆಸರುಗಳನ್ನು ಒಂದೊಂದಾಗಿ ಬರೆಯಿರಿ. ಆ ಪಟ್ಟಿ ಮುಗಿದಾಗ ಮದುವೆ ಎಲ್ಲಿ ನಡೆಯಬೇಕೆಂಬುದನ್ನು ನಿಮಗೆ ಯಾರೂ ಹೇಳಬೇಕಾಗಿ ಬರದು.