ಗೊಬ್ಬರ ಬೇಡದ ಪ್ರೋಟಿಯಾ ಮತ್ತು ‘ಬಂಜರು’ ಎಂಬ ಮಾತು

ಗಿಡ ಸೊರಗಿತೆಂದರೆ ಬುಡಕ್ಕೊಂದು ಬುಟ್ಟಿ ಗೊಬ್ಬರ ಹಾಕಬೇಕೆಂಬುದು ಮಲೆನಾಡಿನ ಕೃಷಿಕನಿಗೆ ಹಿರಿಯರಿಂದ ಬಂದ ತಿಳಿವಳಿಕೆ. ಅಡಿಕೆ, ಬಾಳೆ, ಕಾಳುಮೆಣಸಿನ ಮಟ್ಟಿಗೆ ಅದು ಸರಿಯೇ. ಆದರೆ ದಕ್ಷಿಣ ಆಫ್ರಿಕದ ಪ್ರೋಟಿಯಾ ಎಂಬ ಹೂಪೊದೆಗೆ ಇದೇ ಉಪಚಾರ ಮಾಡಿದರೆ ಗಿಡ ಬದುಕುವುದಿಲ್ಲ. ಕೊಡುವುದು ಮಾತ್ರವಲ್ಲ, ಕೊಡದಿರುವುದೂ ಆರೈಕೆಯೇ ಎಂಬುದಕ್ಕೆ ಈ ಗಿಡ ಸಾಕ್ಷಿ. ಅದರ ಕಥೆಯನ್ನು ಮಲೆನಾಡಿಗರು ತಿಳಿಯಬೇಕಾದದ್ದು ಹೂವಿನ ಚೆಲುವಿಗಾಗಿ ಅಲ್ಲ, ತಮ್ಮ ನೆಲವನ್ನು ತಾವು ಹೇಗೆ ಕಾಣುತ್ತಿದ್ದೇವೆ ಎಂದು ಅರಿಯುವುದಕ್ಕಾಗಿ.

ಪ್ರೋಟಿಯಾ ಕುಲದಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ಬಹುಪಾಲು ಆಫ್ರಿಕ ಖಂಡದ ದಕ್ಷಿಣ ತುದಿಯ ಕೇಪ್ ಸೀಮೆಯವು. ದಕ್ಷಿಣ ಆಫ್ರಿಕದ ರಾಷ್ಟ್ರಪುಷ್ಪವಾದ ‘ಕಿಂಗ್ ಪ್ರೋಟಿಯಾ’ದ ಹೂಗೊಂಡೆ 30 ಸೆಂ.ಮೀ. ಅಗಲದವರೆಗೂ ಅರಳುತ್ತದೆ. ಅಲ್ಲಿಯ ಕುರುಚಲು ಸಸ್ಯಾವರಣಕ್ಕೆ ಫೈನ್‌ಬಾಸ್ ಎಂದು ಹೆಸರು. ಮಣ್ಣು ಮರಳುಗಲ್ಲು ಸವೆದು ಆದದ್ದು, ಹುಳಿಯಾದುದು, ಸತ್ವಹೀನವಾದುದು. ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಿಗೆ ಒಣಗಾಲ. ಇಂತಹ ಬಡ ನೆಲದಲ್ಲಿ ಸುಮಾರು 9,000 ಸಸ್ಯ ಪ್ರಭೇದಗಳಿದ್ದು, ಅವುಗಳಲ್ಲಿ ಸುಮಾರು ಶೇ. 70ರಷ್ಟು ಜಗತ್ತಿನ ಬೇರೆಲ್ಲಿಯೂ ಸಹಜವಾಗಿ ಬೆಳೆಯುವುದಿಲ್ಲ. ಯುನೆಸ್ಕೊ 2004ರಲ್ಲಿ ಈ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಬಡ ನೆಲದಲ್ಲಿ ಬದುಕುವ ಗುಟ್ಟು ಬೇರಿನಲ್ಲಿದೆ. ಮಳೆಗಾಲದಲ್ಲಿ ದರಗಿನ ಅಡಿಯಲ್ಲಿಯೇ ಪ್ರೋಟಿಯಾ ಕುಂಚದಂತಹ ಬೇರುಗೊಂಚಲುಗಳನ್ನು ಹೊರಡಿಸುತ್ತದೆ. ಈ ಬೇರುಗಳು ಒಸರುವ ಸಾವಯವ ಆಮ್ಲಗಳು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಮ್‌ಗಳಿಗೆ ಅಂಟಿಕೊಂಡಿರುವ ರಂಜಕವನ್ನು ಬಿಡಿಸಿ ಗಿಡಕ್ಕೆ ಒದಗಿಸುತ್ತವೆ. ಯುಗಯುಗಗಳ ಹಸಿವಿನಲ್ಲಿ ರೂಪುಗೊಂಡ ಈ ಗಿಡಗಳಲ್ಲಿ ಹಲವಕ್ಕೆ ‘ಸಾಕು’ ಎನ್ನಲು ತಿಳಿಯದು. ರಂಜಕ ಹೇರಳವಾಗಿ ಸಿಕ್ಕಿದರೆ ಅಷ್ಟನ್ನೂ ಹೀರಿಕೊಂಡು, ಎಲೆ ಸುಟ್ಟು, ಗಿಡ ಸಾಯುತ್ತದೆ.

ಆದ್ದರಿಂದ ಪ್ರೋಟಿಯಾ ಬೆಳೆಸುವವರಿಗೆ ಮೊದಲು ಹೇಳಬೇಕಾದದ್ದು ಮಾಡಬಾರದ ಕೆಲಸಗಳನ್ನೇ. ಮೂಳೆಪುಡಿ, ಸೂಪರ್ ಫಾಸ್ಫೇಟ್, ಕೋಳಿಗೊಬ್ಬರ ಕೂಡದು. ಬುಡ ಅಗೆಯಕೂಡದು, ಮೇಲ್ಪದರದ ಬೇರುಗೊಂಚಲುಗಳು ಹರಿದುಹೋಗುತ್ತವೆ. ಕಳೆಯನ್ನು ಕೈಯಿಂದ ಮೆಲ್ಲಗೆ ಕಿತ್ತು, ದರಗಿನ ಹೊದಿಕೆ ಕೊಟ್ಟರೆ ಸಾಕು. ದಿನವಿಡೀ ಬಿಸಿಲು, ಗಾಳಿಯಾಡುವ ಇಳಿಜಾರು, ನೀರು ನಿಲ್ಲದ ಹುಳಿಮಣ್ಣು ಬೇಕು. ನೆಟ್ಟ ಮೊದಲೆರಡು ವರ್ಷ ಒಣಗಾಲದಲ್ಲಿ ನೀರು ಕೊಡಬೇಕು. ಹೂವು ಮುಗಿದ ಮೇಲೆ ಸವರುವಾಗ ಎಲೆಯಿರುವ ಹಸಿರು ಕಡ್ಡಿಯನ್ನು ಸುಮಾರು 10 ಸೆಂ.ಮೀ. ಉಳಿಸಬೇಕು, ಎಲೆಯಿಲ್ಲದ ಹಳೆಯ ಕಟ್ಟಿಗೆಯವರೆಗೆ ಕಡಿದರೆ ಬಹಳಷ್ಟು ಪ್ರಭೇದಗಳು ಮತ್ತೆ ಚಿಗುರುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರ ಕುಲದ ಇನ್ನೊಂದು ಪ್ರಭೇದವು ಪ್ರೋಟಿಯಾದ ಬೇರನ್ನು ಕೊಳೆಸುತ್ತದೆ. ಆಷಾಢದ ಮಳೆಯಲ್ಲಿ ಮಲೆನಾಡಿನ ಅಂಗಳದಲ್ಲಿ ಈ ಗಿಡವನ್ನು ನೆಟ್ಟರೆ ಏನಾದೀತೆಂದು ಇದರಿಂದಲೇ ಊಹಿಸಬಹುದು.

ಬೆಂಕಿಯೊಡನೆಯೂ ಇದರ ನಂಟಿದೆ. ಹಲವು ಪ್ರಭೇದಗಳು ಬೀಜವನ್ನು ಒಣಗಿದ ಹೂಗೊಂಡೆಯಲ್ಲಿ ವರ್ಷಗಟ್ಟಲೆ ಹಿಡಿದಿಟ್ಟು, ಕಾಳ್ಗಿಚ್ಚು ಹಾದುಹೋದ ಮೇಲೆ ಉದುರಿಸುತ್ತವೆ. ಕಿಂಗ್ ಪ್ರೋಟಿಯಾ ನೆಲದೊಳಗಿನ ದಪ್ಪ ಬುಡದಿಂದ ಮರಳಿ ಚಿಗುರುತ್ತದೆ. ಆದರೆ ಬೆಂಕಿ ಬೇಗಬೇಗನೆ ಮರುಕಳಿಸಿದರೆ ಎಳೆಯ ಗಿಡಗಳು ಬೀಜ ಕಟ್ಟುವ ಮೊದಲೇ ಬೂದಿಯಾಗುತ್ತವೆ. ಇದು ಕೇಪ್ ಸೀಮೆಯ ನಿಯಮ. ಸಹ್ಯಾದ್ರಿಯ ಕಾಡಿಗೆ ಬೆಂಕಿಯಿಡಲು ಯಾರಿಗೂ ನೆಪವಾಗಬಾರದು.

ಇಂತಹ ನೆಲವನ್ನು 19ನೇ ಶತಮಾನದಲ್ಲಿ ವಸಾಹತುಗಾರರು ಬರಡೆಂದು ಬಗೆದರು. ಮರಳು ನಿಲ್ಲಿಸಲು, ಸೌದೆ ಮತ್ತು ತೊಗಟೆಗಾಗಿ ಆಸ್ಟ್ರೇಲಿಯದ ಅಕೇಶಿಯಗಳನ್ನು ತಂದು ನೆಟ್ಟರು. ಬೇಲಿಗೆಂದು ಪ್ರೋಟಿಯಾದ್ದೇ ಕುಟುಂಬದ ಹೇಕಿಯಾ ತಂದರು. ಅವು ಬೆಟ್ಟಗಳನ್ನು ಆವರಿಸಿದವು. ಅಕೇಶಿಯಗಳು ಬಡ ಮಣ್ಣಿಗೆ ಸಾರಜನಕ ಸೇರಿಸಿ, ಬಡತನವನ್ನೇ ನೆಚ್ಚಿದ ಸಸ್ಯಗಳನ್ನು ಹಿಂದೆ ತಳ್ಳಿದವು. ಹಳ್ಳಗಳ ನೀರು ಇಳಿಯಿತು. ಕೊನೆಗೆ 1995ರಲ್ಲಿ ಅಲ್ಲಿಯ ಸರ್ಕಾರವೇ ‘ನೀರಿಗಾಗಿ ದುಡಿಮೆ’ ಎಂಬರ್ಥದ ಯೋಜನೆ ಹೂಡಿ, ಕೂಲಿ ಕೊಟ್ಟು ಆ ಮರಗಳನ್ನು ಕಡಿಸತೊಡಗಿತು. ನೀಲಗಿರಿಯ ಶೋಲಾ ಹುಲ್ಲುಗಾವಲನ್ನು ನುಂಗಿದ ವ್ಯಾಟಲ್ ಕೂಡ ಅಲ್ಲಿ ಹಬ್ಬಿದ ಅದೇ ಮರ.

ಮಲೆನಾಡಿನಲ್ಲಿ ನಡೆದದ್ದೂ ಬೇರೆಯಲ್ಲ. ಜಂಬಿಟ್ಟಿಗೆಯ ಗುಡ್ಡ, ಬ್ಯಾಣ, ನೆತ್ತಿಯ ಹುಲ್ಲುಗಾವಲುಗಳಿಗೆ ‘ಬಂಜರು’ ಎಂಬ ಹೆಸರಿಟ್ಟು ಆಸ್ಟ್ರೇಲಿಯದ ಅಕೇಶಿಯವನ್ನು ನೆಡಲಾಯಿತು. ಸೌದೆ, ಕೂಲಿ ಸಿಕ್ಕಿದ್ದು ನಿಜ, ಅದನ್ನು ಅಲ್ಲಗಳೆಯಬೇಕಿಲ್ಲ. ಪರದೇಶದ ಮರವೆಲ್ಲ ಕೆಡುಕಿನದು ಎಂದೂ ಇದರ ಅರ್ಥವಲ್ಲ. ಕಾಫಿ ತೋಟದ ನೆರಳಿಗೆ ನಿಂತಿರುವ ಸಿಲ್ವರ್ ಓಕ್ ಆಸ್ಟ್ರೇಲಿಯದಿಂದ ಬಂದ ಪ್ರೋಟಿಯಾ ಕುಟುಂಬದ ಮರವೇ. ಪ್ರಶ್ನೆಯಿರುವುದು ತೋಟದೊಳಗಿನ ಮರದ ಬಗ್ಗೆ ಅಲ್ಲ. ಹುಲ್ಲು, ಗಡ್ಡೆ, ಮಳೆಗಾಲದ ಪುಟ್ಟ ಹೂಗಳಿಂದ ತುಂಬಿದ ನೆಲವನ್ನು ಏನೂ ಇಲ್ಲದ ನೆಲವೆಂದು ಬಗೆಯುವ ಬಗ್ಗೆ.

ಆದ್ದರಿಂದ ವನಮಹೋತ್ಸವದ ಗುಂಡಿ ತೋಡುವ ಮೊದಲು ಊರವರೂ ವಿದ್ಯಾರ್ಥಿಗಳೂ ಒಂದು ಮಳೆಗಾಲವಾದರೂ ಆ ಗುಡ್ಡದಲ್ಲಿ ತಿರುಗಾಡಲಿ. ಅಲ್ಲಿ ಏನು ಬೆಳೆಯುತ್ತದೆ, ಯಾವ ಒರತೆ ಎಷ್ಟು ದಿನ ಹರಿಯುತ್ತದೆ, ಯಾವ ಮನೆಯ ದನ ಅಲ್ಲಿ ಮೇಯುತ್ತದೆ ಎಂದು ಬರೆದಿಡಲಿ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಲಿ. ಅದನ್ನು ಕೇಳಿದ ಮೇಲೂ ಆ ನೆಲವನ್ನು ಬಂಜರೆಂದು ಕರೆಯಲು ಯಾರಿಗೂ ಬಾಯಿ ಬರಲಾರದು.